ನಾಲ್ಕು ತೂತು, ಒಂದು ಲೇಬಲ್ಲು

ಕಂಪ್ಯೂಟರಿನ ಡಬ್ಬದೊಳಗೆ ಯಾರೂ ಹೊಗಳದ ಭಾಗ ಅಂದರೆ ಎಸ್‌ಎಂಪಿಎಸ್. ಪ್ರೊಸೆಸರ್ ಯಾವುದು, ರ‍್ಯಾಮ್ ಎಷ್ಟು ಅಂತ ಕೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಗೋಡೆಯಿಂದ ಬರುವ 230 ವೋಲ್ಟನ್ನು 12, 5, 3.3 ವೋಲ್ಟಿಗೆ ಇಳಿಸಿ ಎಲ್ಲರಿಗೂ ಹಂಚುವ ಆ ತಗಡಿನ ಪೆಟ್ಟಿಗೆಯ ಹೆಸರು ನೆನಪಾಗುವುದು ಅದು ಸತ್ತ ದಿನ ಮಾತ್ರ. ಇತ್ತೀಚೆಗೆ ಅಂಥ ಒಂದು ಪೆಟ್ಟಿಗೆಯನ್ನು ಎರಡು ದಿನದಲ್ಲಿ ಎರಡು ಸಲ ಬದಲಾಯಿಸುವ ಕೆಲಸ ನನ್ನ ಪಾಲಿಗೆ ಬಂತು. ಅವತ್ತಿನಿಂದ ತಲೆಯಲ್ಲಿ ಕೂತಿರುವ ಪ್ರಶ್ನೆ ಮಾತ್ರ ಎಲೆಕ್ಟ್ರಾನಿಕ್ಸಿನದ್ದಲ್ಲ: ಯಾರಿಗೂ ತೊಂದರೆ ಕೊಡದ ಸುಳ್ಳು ಸುಳ್ಳೇ ಹೌದಾ?

ದೊಡ್ಡಮ್ಮನ ಮಗಳು ರಿಪ್ಪನ್‌ಪೇಟೆಯಲ್ಲಿ ಜೆರಾಕ್ಸು, ಆನ್‌ಲೈನ್ ಅರ್ಜಿಯ ಅಂಗಡಿ ಇಟ್ಟಿದ್ದಾಳೆ. ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ಡಿಗ್ರಿ ಅಡ್ಮಿಷನ್, ಪೆನ್ಷನ್ನು, ಏನಿದ್ದರೂ ಒಂದೇ ಕಂಪ್ಯೂಟರಿನಲ್ಲಿ. ಮಳೆಗಾಲ ಹಿಡಿಯುವ ಮೊದಲು ಬರುತ್ತಲ್ಲ, ಆ ಗುಡುಗಿನ ಮಳೆ. ಅದರಲ್ಲಿ ಒಂದು ಸಂಜೆ ಎಸ್‌ಎಂಪಿಎಸ್ ಸುಟ್ಟಿತು. ಲಿಂಗನಮಕ್ಕಿಗೆ ಊರುಗಳನ್ನೇ ಮುಳುಗಿಸಿಕೊಟ್ಟ ಸಾಗರ, ಹೊಸನಗರದ ಕಡೆಯೇ ಕರೆಂಟಿನ ಈ ಗತಿ ಅನ್ನುವುದು ಇಲ್ಲಿನವರ ಹಳೇ ಜೋಕು. ಈಗ ಯಾರೂ ಅದಕ್ಕೆ ನಗುವುದಿಲ್ಲ. ಮರುದಿನ ಬೆಳಿಗ್ಗೆ ಅಂಗಡಿ ಮುಂದೆ ಏಳೆಂಟು ಜನ, ಕೈಯಲ್ಲಿ ಮಾರ್ಕ್ಸ್ ಕಾರ್ಡು. ಅರ್ಜಿಗೆ ಅವತ್ತೇ ಕೊನೇ ದಿನ. ಊರಲ್ಲೇ ಸಿಕ್ಕ 650 ರೂಪಾಯಿಯದ್ದನ್ನು ತಂದು ಹಾಕಿದೆವು. ಅವತ್ತಿನ ಕೆಲಸ ಆಯಿತು. ಜೊತೆಗೇ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿರುವ ಗೆಳೆಯನಿಗೆ ಫೋನ್ ಮಾಡಿ, 2,350 ರೂಪಾಯಿಯ ಇನ್ನೊಂದನ್ನು ರಾತ್ರಿ ಬಸ್ಸಿಗೆ ಪಾರ್ಸೆಲ್ ಹಾಕಿಸಿದೆ.

ಅಕ್ಕನ ಕ್ಯಾಬಿನೆಟ್ಟು 2006ರದ್ದು. ಒಳಗಿನ ಮದರ್‌ಬೋರ್ಡು ನಡುವೆ ಒಮ್ಮೆ ಬದಲಾಗಿದೆ, ಡಬ್ಬ ಮಾತ್ರ ಅದೇ. ಈಗಿನವುಗಳ ಹಾಗೆ ಎಸ್‌ಎಂಪಿಎಸ್ ಕೆಳಗಲ್ಲ, ಮೇಲೆ ಕೂರುತ್ತದೆ. ಅದರ ಎದುರಿಗೇ ಡಿವಿಡಿ ಡ್ರೈವು. ನಡುವೆ ಒಂದು ಗೇಣಿಗಿಂತ ಕಡಿಮೆ ಜಾಗ, ಅದರಲ್ಲೇ ಎಲ್ಲಾ ತಂತಿ ತುರುಕಬೇಕು. ತಗಡಿನ ಅಂಚು ಬ್ಲೇಡಿನ ಹಾಗಿರುತ್ತದೆ. ಆದರೆ ಹೊಸದನ್ನು ಒಳಗೆ ಜಾರಿಸಿ ಹಿಂದಿನಿಂದ ನೋಡಿದರೆ ನಾಲ್ಕು ತೂತಿಗೆ ನಾಲ್ಕು ತೂತು ಸರಿಯಾಗಿ ಎದುರುಬದುರು ಬಂದು ನಿಂತವು. ಹಳೇ ಸ್ಕ್ರೂಗಳೇ ಸಾಕಾದವು. ಆ ನಾಲ್ಕರಲ್ಲಿ ಒಂದು ತೂತು ಮೂಲೆಯಲ್ಲಿರದೆ ಸ್ವಲ್ಪ ಒಳಗೆ ಸರಿದಿರುತ್ತದೆ. ಹಾಗಾಗಿ ತಲೆಕೆಳಗಾಗಿ ಹಿಡಿದರೆ ನಾಲ್ಕೂ ಕೂಡುವುದಿಲ್ಲ.

ಇದು ನನಗೆ ಯಾವತ್ತೂ ಸಣ್ಣ ವಿಷಯ ಅನ್ನಿಸಿಲ್ಲ. 1995ರಲ್ಲಿ ಇಂಟೆಲ್ ಕಂಪನಿ ಎಟಿಎಕ್ಸ್ ಅನ್ನುವ ಅಳತೆಪಟ್ಟಿ ಹೊರಡಿಸಿತು. ಅದರ ಎಸ್‌ಎಂಪಿಎಸ್ 150 ಮಿಲಿಮೀಟರ್ ಅಗಲ, 86 ಮಿಲಿಮೀಟರ್ ಎತ್ತರ; ತೂತುಗಳು ಇಂಥಲ್ಲೇ ಇರಬೇಕು ಅಂತ ಅದರಲ್ಲಿ ಬರೆದಿತ್ತು. ಅಲ್ಲಿಂದೀಚೆಗೆ ಒಳಗಿನದೆಲ್ಲ ಬದಲಾಯಿತು. 20 ಪಿನ್ನಿನ ಪ್ಲಗ್ಗು 24 ಪಿನ್ನಿನದಾಯಿತು. ಹಾಗಾದಾಗಲೂ ಎಷ್ಟೋ ತಯಾರಕರು ಆ ಹೆಚ್ಚುವರಿ ನಾಲ್ಕು ಪಿನ್ನನ್ನು ಬಿಡಿಸಿ ಪಕ್ಕಕ್ಕಿಡುವ ಹಾಗೆ ಮಾಡಿದರು, ಹಳೇ ಬೋರ್ಡಿನವರು ಬೀದಿಗೆ ಬೀಳಬಾರದು ಅಂತ. ತೂತು ಮಾತ್ರ ಕದಲಲಿಲ್ಲ. ಒಬ್ಬರಿಗೊಬ್ಬರು ಪರಿಚಯವಿಲ್ಲದ ನೂರಾರು ಕಾರ್ಖಾನೆಗಳು ಮೂವತ್ತು ವರ್ಷ ಒಂದು ಮಾತಿಗೆ ನಡೆದುಕೊಂಡದ್ದರಿಂದ ರಿಪ್ಪನ್‌ಪೇಟೆಯ ಅಂಗಡಿಯೊಂದರ ಹಳೇ ಡಬ್ಬ ಗುಜರಿ ಸೇರಲಿಲ್ಲ. ಪ್ರತಿ ಮೂರು ತಿಂಗಳಿಗೆ ಎಪಿಐ ಬದಲಾಯಿಸಿ 'ಇಂಪ್ರೂವ್‌ಮೆಂಟ್' ಅಂತ ಮೇಲ್ ಕಳಿಸುವ ನಮ್ಮಂಥವರು ಒಂದು ಕ್ಷಣ ಆ ತೂತುಗಳನ್ನು ನೋಡಬೇಕು. ಇರಲಿ.

ಅಗ್ಗದ್ದಕ್ಕೂ ಅವೇ ನಾಲ್ಕು ತೂತು, ದುಬಾರಿಯದ್ದಕ್ಕೂ ಅವೇ. ಎರಡರ ಮೇಲೂ 450 ವ್ಯಾಟ್ ಅಂತ ಬರೆದಿತ್ತು. ಅಕ್ಕ ಕೇಳಿದಳು, "ಅದೂ ಕೂತ್ತು, ಇದೂ ಕೂತ್ತು. ಅದೂ ನಾನೂರೈವತ್ತು, ಇದೂ ನಾನೂರೈವತ್ತು. ಸಾವಿರದ ಏಳ್ನೂರು ಜಾಸ್ತಿ ಎಂತಕ್ಕೆ ಮಾರಾಯ?"

ನ್ಯಾಯವಾದ ಪ್ರಶ್ನೆ. ಮೊದಲು ಎರಡನ್ನೂ ಅವಳ ಎರಡು ಕೈಗೆ ಕೊಟ್ಟೆ. ಒಂದು ಖಾಲಿ ಡಬ್ಬದಷ್ಟು ಹಗುರ. ಆಮೇಲೆ ಲೇಬಲ್ಲಿನ ಸಣ್ಣ ಅಕ್ಷರ ಓದಿದೆವು. ಅಗ್ಗದ್ದರಲ್ಲಿ 12 ವೋಲ್ಟಿಗೆ 14 ಆಂಪಿಯರ್, ಅಂದರೆ 168 ವ್ಯಾಟ್. 5 ವೋಲ್ಟಿಗೆ 28 ಆಂಪಿಯರ್, 140 ವ್ಯಾಟ್. 3.3 ವೋಲ್ಟಿಗೆ 25, ಅಂದರೆ 82 ಚಿಲ್ಲರೆ. ಉಳಿದ ಸಣ್ಣಪುಟ್ಟದ್ದನ್ನೆಲ್ಲ ಸೇರಿಸಿದರೂ 406ಕ್ಕೆ ನಿಂತಿತು, ಅದೂ ಲೇಬಲ್ಲು ಹೇಳಿದ್ದನ್ನೇ ನಂಬಿದರೆ. ಇವನ್ನೆಲ್ಲ ಒಟ್ಟಿಗೆ ಎಳೆಯಲಿಕ್ಕೂ ಆಗುವುದಿಲ್ಲ. ಈಗಿನ ಕಂಪ್ಯೂಟರುಗಳು ಬಹುಪಾಲು ತಿನ್ನುವುದು 12 ವೋಲ್ಟಿನ ಸಾಲಿನಿಂದ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡು ಎಲ್ಲಾ ಅಲ್ಲೇ. ಹಾಗಾಗಿ ಕೆಲಸಕ್ಕೆ ಬರುವ ಲೆಕ್ಕದಲ್ಲಿ ಅದು 168ರ ಪೆಟ್ಟಿಗೆ. 450 ಅನ್ನುವುದು ಒಂದು ಬಗೆಯ ಅಲಂಕಾರ.

ಆ ಅಂಗಡಿಯವರ ಹತ್ತಿರ ನಾನೇ ಹೋಗಿ ಮಾತಾಡಿದೆ, ಜಗಳಕ್ಕಲ್ಲ. ಅವರು ಸ್ವಲ್ಪವೂ ಅಳುಕಲಿಲ್ಲ. "ಅದು ನಾನೂರೈವತ್ತಲ್ಲ, ಇನ್ನೂರು ಅಂತ ತಿಳ್ಕೊಳಿ ಅಂತ ಅಕ್ಕಂಗೆ ಹೇಳಿಯೇ ಕೊಟ್ಟದ್ದು ನಾನು. ಅವ್ರ ಮಷಿನ್ನಿಗೆ ನೂರು ವ್ಯಾಟ್ ಸಾಕು. ಒಳ್ಳೇದು ತರಿಸಿಟ್ರೆ ಯಾರು ತಗೋತಾರೆ ಇಲ್ಲಿ?" ಅಂದರು. ಅಕ್ಕನನ್ನು ಕೇಳಿದರೆ, ಹೌದು, ಹೇಳಿದ್ದರಂತೆ. ಅಂದರೆ ಲೇಬಲ್ಲಿನ ಸುಳ್ಳನ್ನು ಬಾಯಿಮಾತು ತಿದ್ದಿತ್ತು. ಅಕ್ಕನ ಕಂಪ್ಯೂಟರಿಗೆ ನಿಜಕ್ಕೂ ನೂರು ವ್ಯಾಟ್ ಸಾಕು. ಹಾಗಾದರೆ ಮೋಸ ಹೋದವರು ಯಾರು?

ಉತ್ತರ ಆ ಸಂಜೆಯೇ ಎದುರಿಗೆ ಬಂತು. ಅಕ್ಕನ ಮಗ, ಪಿಯುಸಿ ಓದುವ ಹುಡುಗ, ಕ್ಯಾಬಿನೆಟ್ಟಿನಿಂದ ಬಿಚ್ಚಿಟ್ಟಿದ್ದ ಆ ಪೆಟ್ಟಿಗೆಯನ್ನು ಹಿಡಿದು, "ಮಾಮ, ಇದು ನಾನೂರೈವತ್ತು ಅಲ್ವಾ? ನನ್ನ ಫ್ರೆಂಡು ಹಳೇ ಗ್ರಾಫಿಕ್ಸ್ ಕಾರ್ಡು ಕೊಡ್ತಾನಂತೆ, ಇದಕ್ಕೆ ಹಾಕಬಹುದಾ?" ಅಂದ. ಅವನಿಗೆ ಅಂಗಡಿಯವರ ಬಾಯಿಮಾತು ತಲುಪಿಲ್ಲ. ತಲುಪಿದ್ದು ಲೇಬಲ್ಲು. ಇಂಥ ಪೆಟ್ಟಿಗೆ ಹೊರೆ ತಾಳದೆ ಹೋಗುವಾಗ ಕೆಲವೊಮ್ಮೆ ಒಂಟಿಯಾಗಿ ಹೋಗುವುದಿಲ್ಲ. ವೋಲ್ಟೇಜು ಏರಿದರೆ ಕಡಿದುಹಾಕುವ ರಕ್ಷಣೆ ಒಳಗೆ ಇಲ್ಲದಿದ್ದರೆ ಹಾರ್ಡ್‌ಡಿಸ್ಕು, ಬೋರ್ಡನ್ನೂ ಜೊತೆಗೆ ಕರೆದೊಯ್ಯುತ್ತದೆ. ಆ ಡಿಸ್ಕಿನಲ್ಲಿ ಇರುವುದು ಅಕ್ಕನದ್ದಲ್ಲ, ಊರಿನವರ ಕಾಗದಪತ್ರ.

ಅಳತೆಯ ಸುಳ್ಳು ಈ ಸೀಮೆಗೆ ಹೊಸದಲ್ಲ. ಪಕ್ಕದ ಸಾಗರ ತಾಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದದ್ದನ್ನು ನಾವು ಭೂಮಿಯ ಹೋರಾಟ ಅಂತ ಓದುತ್ತೇವೆ. ಅದು ಸರಿಯೇ. ಆದರೆ ಜಗಳದ ನಡುವೆ ಇದ್ದದ್ದು ಒಂದು ಪಾತ್ರೆ: ಕೊಳಗ. ಗೇಣಿಯ ಭತ್ತವನ್ನು ಒಡೆಯರು ನಿಗದಿಗಿಂತ ದೊಡ್ಡ ಕೊಳಗದಲ್ಲಿ ಅಳೆದುಕೊಳ್ಳುತ್ತಿದ್ದರು. ಲೆಕ್ಕದ ಪುಸ್ತಕದಲ್ಲಿ ಇಷ್ಟು ಕೊಳಗ ಅಂತಷ್ಟೇ ಇರುತ್ತದೆ. ಆ ಕೊಳಗ ಎಷ್ಟು ಸೇರಿನದು ಅನ್ನುವುದು ಪುಸ್ತಕದಲ್ಲಿಲ್ಲ, ಒಡೆಯರ ಮನೆಯ ಜಗುಲಿಯಲ್ಲಿದೆ. ಗದ್ದೆ ಮಾಡುವವನಿಗೆ ಇದು ಗೊತ್ತಿರಲಿಲ್ಲ ಅಂತಲ್ಲ. ಅವನ ಕಣ್ಣೆದುರೇ ಅಳೆಯುತ್ತಿದ್ದರು. ಗೊತ್ತಿದ್ದೂ ಒಬ್ಬನೇ ನಿಂತು ಕೇಳುವ ಹಾಗಿರಲಿಲ್ಲ, ಕೇಳಿದವನ ಕೈಯಿಂದ ಗದ್ದೆಯೇ ಹೋಗಬಹುದಿತ್ತು. ಎಚ್. ಗಣಪತಿಯಪ್ಪನವರು ರೈತರನ್ನು ಸಂಘವಾಗಿ ಕಟ್ಟಬೇಕಾಯಿತು, ತೀರ್ಥಹಳ್ಳಿ ಕಡೆಯ ಶಾಂತವೇರಿ ಗೋಪಾಲಗೌಡರು, ಸಮಾಜವಾದಿಗಳು ಜೊತೆಗೆ ನಿಲ್ಲಬೇಕಾಯಿತು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾಗಬೇಕಾಯಿತು.

ಎಸ್‌ಎಂಪಿಎಸ್ಸಿನ ಅಂಗಡಿಯವರನ್ನು ಒಡೆಯರ ಸಾಲಿಗೆ ನಿಲ್ಲಿಸುತ್ತಿಲ್ಲ. ಅವರು ಒಡೆಯರೂ ಅಲ್ಲ, ಲೇಬಲ್ಲು ಅಂಟಿಸಿದವರೂ ಅಲ್ಲ. ಆದರೆ ಒಂದು ಮಾತು ಎರಡೂ ಕಡೆ ಒಂದೇ. ಸುಳ್ಳು ಅಳತೆ ಎಲ್ಲರಿಗೂ ಗೊತ್ತಿದ್ದಾಗ ಅದನ್ನು ಸುಳ್ಳು ಅನ್ನಲಿಕ್ಕೇ ನಾಚಿಕೆಯಾಗುತ್ತದೆ; 'ಹಾಗೇ ಅದು, ತಿಳ್ಕೊಂಡು ನಡೀಬೇಕು' ಅಂತಾಗುತ್ತದೆ. ತಿಳಿದುಕೊಂಡು ನಡೆಯುವ ಈ ಅನುಕೂಲ ಪರಿಚಯದವರಿಗೆ ಮಾತ್ರ. ಅಕ್ಕನಿಗೆ ಅಂಗಡಿಯವರು ನಿಜ ಹೇಳಿದ್ದು ಅವಳು ಅದೇ ಬೀದಿಯವಳು ಅಂತ. ನಾಳೆ ಹುಂಚದಿಂದಲೋ ಕೋಣಂದೂರಿನಿಂದಲೋ ಬಂದ ಅಪರಿಚಿತನಿಗೆ, ಸಂತೆ ದಿನದ ಗಡಿಬಿಡಿಯಲ್ಲಿ, ಅದೇ ಮಾತು ಸಿಗುತ್ತದಾ? ಅಳತೆ ಅಂತ ಒಂದನ್ನು ಬರೆದಿಡುವುದೇ ನಮ್ಮ ಮುಖ ನೋಡದವರಿಗಾಗಿ. ಪರಿಚಯದವರಿಗೆ ಅಳತೆ ಬೇಕಿಲ್ಲ, ಮಾತು ಸಾಕು.

ಹಾಗಾದರೆ ತೂತಿನ ಮಾತನ್ನು ಎಲ್ಲರೂ ನಡೆಸಿದರು, ವ್ಯಾಟಿನ ಮಾತನ್ನು ಯಾಕೆ ಮುರಿದರು? ತೂತು ಎರಡು ಮಿಲಿಮೀಟರ್ ಆಚೀಚೆ ಆದರೆ ಸ್ಕ್ರೂಡ್ರೈವರ್ ಹಿಡಿದ ಯಾವನಿಗಾದರೂ ಆ ಕ್ಷಣವೇ ಗೊತ್ತಾಗುತ್ತದೆ, ಮಾಲು ವಾಪಸ್ ಬರುತ್ತದೆ. ವ್ಯಾಟಿನ ಸುಳ್ಳು ಹೊರಬೀಳಬೇಕಾದರೆ ಪೂರ್ತಿ ಹೊರೆ ಬೀಳಬೇಕು. ಅದು ಎಂದೋ, ಇನ್ಯಾರದೋ ಮನೆಯಲ್ಲಿ. ಬೆಲೆಯ ಒತ್ತಡ ತೂತಿನ ಮೇಲೆ ಬೀಳುವುದಿಲ್ಲ, ತಾಮ್ರದ ಮೇಲೆ ಬೀಳುತ್ತದೆ. ಹಾಗಾಗಿ ತೂತಿನ ಬಗ್ಗೆ ಮೇಲೆ ನಾನು ಹಾಡಿದ ಹೊಗಳಿಕೆಯನ್ನು ಸ್ವಲ್ಪ ಇಳಿಸಿಕೊಳ್ಳಬೇಕು. ಸಿಕ್ಕಿಬೀಳುವ ಕಡೆ ಸರಿಯಾಗಿರುವುದು ಜಾಣತನ, ಅದನ್ನೇ ಪ್ರಾಮಾಣಿಕತೆ ಅನ್ನಲಿಕ್ಕೆ ಮನಸ್ಸು ಬರುವುದಿಲ್ಲ.

ತರಕಾರಿಯ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರಬೇಕು, ಬಟ್ಟಿಗೂ ಇರಬೇಕು. ನೂರು ಗ್ರಾಮ್ ಬೀನ್ಸಿಗೆ ಇರುವ ಸಾಕ್ಷಿ 450 ವ್ಯಾಟಿಗೆ ಇಲ್ಲ. 80 ಪ್ಲಸ್ ಅನ್ನುವ ಮುದ್ರೆ 2004ರಿಂದ ಇದೆ, ಮಾದರಿಯನ್ನು ಹೊರಗಿನವರು ಪರೀಕ್ಷಿಸಿ ಕೊಡುವಂಥದ್ದು. ಬಸ್ಸಿನಲ್ಲಿ ಬಂದದ್ದಕ್ಕೆ ಅದಿತ್ತು. 650ರದ್ದಕ್ಕೆ ಯಾರ ಮುದ್ರೆಯೂ ಇಲ್ಲ.

ಅಂಗಡಿಯವರಿಗೆ ಒಂದು ಸಲಹೆ ಕೊಟ್ಟೆ: ನೀವು ಬಾಯಲ್ಲಿ ಹೇಳುವುದನ್ನೇ ಮಾರ್ಕರಿನಲ್ಲಿ ಡಬ್ಬದ ಮೇಲೆ ಬರೆದುಬಿಡಿ, 'ಇನ್ನೂರು' ಅಂತ. ಅವರು ನಕ್ಕರು. "ಆಚೆ ಅಂಗಡೀಲಿ ನಾನೂರೈವತ್ತು ಅಂತಿರತ್ತೆ, ರೇಟೂ ಇದೇ. ನನ್ನ ಇನ್ನೂರನ್ನ ಯಾರು ಮೂಸ್ತಾರೆ ಹೇಳಿ." ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕಾಗೋಡಿನಲ್ಲಿ ಸಂಘ ಬೇಕಾದದ್ದು ಯಾಕೆ ಅನ್ನುವುದು ಮಾತ್ರ ಇನ್ನಷ್ಟು ಅರ್ಥವಾಯಿತು.

ಮಾತು ಮುಗಿಸುವಾಗ ಅವರೇ, "ಬೇಡವಾದ್ರೆ ವಾಪಸ್ ಕೊಡಿ, ಲೇಬಲ್ಲು ಹಾಳಾಗಿಲ್ಲ ಅಂದ್ರೆ 650 ಪೂರ್ತಿ ಕೊಡ್ತೀನಿ" ಅಂದರು. ಒಳ್ಳೇ ಮನುಷ್ಯ. ಅಕ್ಕನಿಗೆ ಖುಷಿ, ಒಂದು ದಿನದ ದುಡಿಮೆ ಉಳಿಯಿತಲ್ಲ ಅಂತ. ನಾನು ತಡೆದೆ. ವಾಪಸ್ ಕೊಟ್ಟರೆ ಅದು ಮತ್ತೆ 450 ಅಂತಲೇ ಯಾರದೋ ಮನೆಗೆ ಹೋಗುತ್ತದೆ ಅಂದೆ. "ನಾನೆಂತ ಹಾಗಂತ ಮಾರ್ತಿದೀನಾ?" ಅಂದಳು. ಅದೂ ನ್ಯಾಯವೇ. ಕೊನೆಗೆ 650 ನಾನೇ ಕೊಟ್ಟು ಪೆಟ್ಟಿಗೆಯನ್ನು ಬ್ಯಾಗಿಗೆ ಹಾಕಿಕೊಂಡೆ. ಲೇಬಲ್ಲಿನ ಮೇಲೆ '12 ವೋಲ್ಟ್, 14 ಆಂಪಿಯರ್, 168 ವ್ಯಾಟ್' ಅಂತ ದಪ್ಪಗೆ ಬರೆದೆ. ಬಸ್ಸು ಹತ್ತಲು ಹೋಗುವಾಗ ಆ ಅಂಗಡಿಯ ಮುಂದೆಯೇ ಹಾದುಹೋದೆ. ಕಪಾಟಿನಲ್ಲಿ ಅಂಥವೇ ಇನ್ನೂ ಎಂಟು ಡಬ್ಬ ಇದ್ದವು.