ಬೇರೆ ಇಟ್ಟ ಲೋಟ

ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಎಂದು ಗೊತ್ತಾದರೆ ಎಷ್ಟೋ ಕಡೆ ಅವರ ತಟ್ಟೆ, ಲೋಟ ಸದ್ದಿಲ್ಲದೆ ಬೇರೆಯಾಗುತ್ತವೆ. ಬಾಯಿಬಿಟ್ಟು ಯಾರೂ ಹೇಳುವುದಿಲ್ಲ. ಅಡುಗೆಮನೆಯ ಕಟ್ಟೆಯ ಮೂಲೆಯಲ್ಲಿ ಒಂದು ಸ್ಟೀಲ್ ಲೋಟ ಒಂಟಿಯಾಗಿ ಬೋರಲು ಕೂತಿರುತ್ತದೆ, ಅಷ್ಟೆ. ‘ಕೆಲವು ಕ್ಯಾನ್ಸರ್ ವೈರಸ್‌ನಿಂದ ಬರುತ್ತವಂತೆ’ ಎಂಬ ಮಾತು ಕಿವಿಗೆ ಬಿದ್ದ ಮೇಲಂತೂ ಆ ಅಂಜಿಕೆಗೆ ವಿಜ್ಞಾನದ ಬೆಂಬಲವೂ ಸಿಕ್ಕಂತಾಗಿದೆ.

ಮಾತೇನೋ ಸುಳ್ಳಲ್ಲ. ಉಗಾಂಡದಲ್ಲಿ ಶಸ್ತ್ರವೈದ್ಯರಾಗಿದ್ದ ಡೆನಿಸ್ ಬರ್ಕಿಟ್, ಮಕ್ಕಳ ದವಡೆಯಲ್ಲಿ ಬೆಳೆಯುವ ಒಂದು ಕ್ಯಾನ್ಸರ್ ಗಡ್ಡೆಯನ್ನು ಗುರುತಿಸಿದ್ದರು. 1963ರ ಡಿಸೆಂಬರಿನಲ್ಲಿ ಅಂಥದೊಂದು ಗಡ್ಡೆಯ ತುಣುಕು ವಿಮಾನದಲ್ಲಿ ಲಂಡನ್ನಿಗೆ ಹೊರಟಿತು. ಮಂಜು ಮುಸುಕಿದ್ದರಿಂದ ವಿಮಾನ ಮ್ಯಾಂಚೆಸ್ಟರಿನಲ್ಲಿ ಇಳಿಯಿತು. ತಡವಾಗಿ ಕೈಸೇರಿದ ಶೀಶೆಯ ದ್ರವ ಬಗ್ಗಡವಾಗಿತ್ತು. ಕೆಟ್ಟುಹೋಗಿದೆ ಎಂದು ಚೆಲ್ಲಿಬಿಡದೆ ಸಂಶೋಧಕ ಆಂಟನಿ ಎಪ್‌ಸ್ಟೈನ್ ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಗಡ್ಡೆಯಿಂದ ಉದುರಿದ ಜೀವಕೋಶಗಳು ಬಿಡಿಬಿಡಿಯಾಗಿ ತೇಲುತ್ತಿದ್ದವು! ಅವನ್ನೇ ಬೆಳೆಸಿ, ಯವೊನ್ ಬಾರ್ ಮತ್ತು ಬರ್ಟ್ ಅಚಾಂಗ್ ಜೊತೆ ಸೇರಿ ಅವರು 1964ರಲ್ಲಿ ಒಳಗಿದ್ದ ವೈರಸ್ಸನ್ನು ಲೋಕಕ್ಕೆ ತೋರಿಸಿದರು.

ಸ್ವಾರಸ್ಯ ಇರುವುದು ಮುಂದೆ. ಈ ಎಪ್‌ಸ್ಟೈನ್-ಬಾರ್ ವೈರಸ್ ಜಗತ್ತಿನ ವಯಸ್ಕರಲ್ಲಿ ಶೇ 90ಕ್ಕೂ ಹೆಚ್ಚು ಮಂದಿಯ ಮೈಯಲ್ಲಿದೆ. ಅಂದರೆ ಬಹುಶಃ ನನ್ನಲ್ಲೂ, ನಿಮ್ಮಲ್ಲೂ. ಎಂಜಲಿನಿಂದ ಹರಡುವ ಇದು ಚಿಕ್ಕಂದಿನಲ್ಲೇ ಯಾರದೋ ಅಕ್ಕರೆಯ ಮುತ್ತಿನಲ್ಲಿ ಬಂದಿರುತ್ತದೆ. ರಕ್ತದ ಬಿಳಿ ಕೋಶವೊಂದರೊಳಗೆ ಸೇರಿ, ತನ್ನ ವಂಶವಾಹಿಗಳ ಬಹುಪಾಲನ್ನು ಮುಚ್ಚಿಟ್ಟುಕೊಂಡು, ದೇಹದ ಕಾವಲಿಗೆ ಕಾಣದಂತೆ ಸುಪ್ತವಾಗಿರುತ್ತದೆ. ಕೋಶ ಎರಡಾದರೆ ತಾನೂ ಎರಡಾಗುತ್ತದೆ. ಜೀವಮಾನವಿಡೀ ಹೀಗೇ ಇದ್ದುಬಿಡುವುದೇ ಹೆಚ್ಚು. ಕ್ಯಾನ್ಸರ್ ಆಗಬೇಕಾದರೆ ಬೇರೆ ಪೆಟ್ಟುಗಳೂ ಬೀಳಬೇಕು. ಉಗಾಂಡದ ಆ ಮಕ್ಕಳಿಗೆ ಮತ್ತೆ ಮತ್ತೆ ಕಾಡುವ ಮಲೇರಿಯಾ ಅಂಥದೊಂದು ಪೆಟ್ಟು. ಹೀಗಿರುವಾಗ ಲೋಟ ಬೇರೆ ಇಟ್ಟವರಿಗೂ ಕಾಯಿಲೆ ಬಿದ್ದವರಿಗೂ ಏನು ದೊಡ್ಡ ವ್ಯತ್ಯಾಸ? ಜೊತೆಗೆ ಕೂತು ಉಂಡರೆ ಕ್ಯಾನ್ಸರ್ ಅಂಟುವುದಿಲ್ಲ.

ಗೃಹಸ್ಥರಾದ ನಾವು ಎಚ್ಚರ ವಹಿಸಬೇಕಾದ ಜಾಗ ಬೇರೆಯೇ ಇದೆ. ಹೆಪಟೈಟಿಸ್-ಬಿ ವೈರಸ್ ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಕೂಸಿಗೆ ದಾಟಬಲ್ಲದು. ದಶಕಗಟ್ಟಲೆ ಯಕೃತ್ತಿನ ಕೋಶಗಳಲ್ಲಿ ಉಳಿದು ಮುಂದೆ ಕ್ಯಾನ್ಸರಿಗೆ ದಾರಿಮಾಡಬಲ್ಲದು. ಇದಕ್ಕೆ ಲಸಿಕೆ ಇದೆ, ಸರ್ಕಾರಿ ಆಸ್ಪತ್ರೆಗಳಲ್ಲಿ ದುಡ್ಡು ಕೊಡಬೇಕಾಗಿಲ್ಲ. ಮೊದಲ ಡೋಸ್ ಹುಟ್ಟಿದ 24 ಗಂಟೆಯೊಳಗೆ ಬೀಳಬೇಕು. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಹೆರಿಗೆ ಹತ್ತಿರವಿದ್ದರೆ, ಹೆಸರಿನ ಚರ್ಚೆಗೆ ಮೊದಲು ಆ ಚುಚ್ಚುಮದ್ದು ಹಾಕಿದರೇ ಎಂದು ದಾದಿಯನ್ನು ಕೇಳಿಬಿಡಿ.