ಹಿಂಬಾಗಿಲಿಗೆ ಅಲಾರಂ

ಮನೆಗೆ ಅಲಾರಂ ಹಾಕಿಸುವವರು ಮೊದಲು ಮನೆಯ ನಕ್ಷೆ ಬಿಡಿಸಬೇಕಾಗುತ್ತದೆ. ಬಾಗಿಲೆಷ್ಟು, ಕಿಟಕಿಯೆಷ್ಟು, ಚಿನ್ನವಿರುವ ಕಪಾಟು ಯಾವ ಕೋಣೆಯಲ್ಲಿ, ರಾತ್ರಿ ಯಾರು ಎಲ್ಲಿ ಮಲಗುತ್ತಾರೆ? ಹೀಗೆ ಹುಡುಕುತ್ತ ನಾವು ನಮ್ಮದೇ ಮನೆಯನ್ನು ಕಳ್ಳನ ಕಣ್ಣಿನಿಂದ ನೋಡತೊಡಗುತ್ತೇವೆ. ಅಷ್ಟರಲ್ಲಿ ತಪ್ಪೇನಿಲ್ಲ. ದುಡಿದು ಗಳಿಸಿದ್ದನ್ನು ಕಾಯುವುದು ನಾಚಿಕೆಯ ವಿಷಯವೂ ಅಲ್ಲ.

ಬಾಗಿಲಿನ ಚೌಕಟ್ಟಿಗೆ ಒಂದು ಸ್ವಿಚ್ಚು, ಕದಕ್ಕೆ ಒಂದು ಅಯಸ್ಕಾಂತ; ಎರಡೂ ದೂರವಾದರೆ ಸೈರನ್ ಕೂಗುತ್ತದೆ. ಹಜಾರದ ಮೂಲೆಯಲ್ಲಿ ಏಳೆಂಟು ಅಡಿ ಎತ್ತರಕ್ಕೆ, ಬಿಸಿಲು ಬೀಳುವ ಕಿಟಕಿಗೆ ಎದುರಾಗದಂತೆ, ಒಂದು ಸೆನ್ಸರ್. ಅದು ಗುರುತಿಸುವುದು ಓಡಾಡುವ ಮೈಯ ಶಾಖವನ್ನು. ಕಳ್ಳನ ಮೈಯೂ ಬೆಚ್ಚಗೆ, ತಡರಾತ್ರಿ ಬಸ್ಸಿಳಿದು ಬಂದ ಮಗಳ ಮೈಯೂ ಬೆಚ್ಚಗೆ. ಯಾರಿಗೆ ಕೋಡ್ ಕೊಡಬೇಕು, ಯಾರಿಗೆ ಕೊಡಬಾರದು ಎಂದು ಯಂತ್ರಕ್ಕೆ ಹೇಳಬೇಕಾದವರು ನಾವು.

ಮನೆಗೆಲಸಕ್ಕೆ ಬರುವಾಕೆಗೆ ಪ್ರತ್ಯೇಕ ಕೋಡ್ ಕೊಡಿ ಎಂಬುದು ಸಾಮಾನ್ಯ ಸಲಹೆ. ಆಕೆ ಬಂದದ್ದು, ಹೋದದ್ದು ಎಲ್ಲ ದಾಖಲಾಗುತ್ತದೆ. ಹತ್ತು ವರ್ಷ ನಮ್ಮ ಪಾತ್ರೆ ತೊಳೆದು, ಮಕ್ಕಳನ್ನು ಎತ್ತಿ ಆಡಿಸಿದ ಕೈಗಳವು. ಕೋಡ್ ಕೊಡುವುದು ತಪ್ಪಲ್ಲ. ದಾಖಲೆಯಿದೆ ಎಂದು ಆಕೆಗೆ ಹೇಳದಿರುವುದು ತಪ್ಪು. ಉಂಗುರ ಕಾಣೆಯಾದ ದಿನ ಅದೇ ದಾಖಲೆ ಆಕೆಯನ್ನು ಕಾಪಾಡಲೂಬಹುದು. ಆದರೆ ಅದನ್ನು ತೆರೆಯುವಾಗ ನಾವು ಮೊದಲು ಹುಡುಕುವುದು ಯಾರ ಹೆಸರನ್ನು?

1966ರಲ್ಲಿ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿದ್ದ ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಎಂಬ ಕಪ್ಪು ಜನಾಂಗದ ನರ್ಸ್, ಪತಿ ಆಲ್ಬರ್ಟ್ ಜೊತೆ ಸೇರಿ ಮನೆ ಕಾಯುವ ವ್ಯವಸ್ಥೆಯೊಂದಕ್ಕೆ ಪೇಟೆಂಟ್ ಅರ್ಜಿ ಹಾಕಿದರು. 1969ರಲ್ಲಿ ಅದು ಮಂಜೂರಾಯಿತು. ಬಾಗಿಲ ಕಿಂಡಿಗಳ ಹಿಂದೆ ಕ್ಯಾಮೆರಾ, ಕೋಣೆಯಲ್ಲಿ ಟಿ.ವಿ., ಸಹಾಯಕ್ಕೆ ಕರೆಯಲು ಗುಂಡಿ. ಅದರಲ್ಲಿ ನಮಗೆ ಮೆಚ್ಚಿಗೆಯಾದದ್ದು ಬೇರೆ: ಹೊರಗೆ ನಿಂತವರೊಡನೆ ಮಾತಾಡುವ ಮೈಕು, ಕೂತಲ್ಲಿಂದಲೇ ಬಾಗಿಲು ತೆರೆಯುವ ಸ್ವಿಚ್ಚು. ಒಂಟಿ ಹೆಣ್ಣಿನ ಭಯದಿಂದ ಹುಟ್ಟಿದ ನಕ್ಷೆಯಲ್ಲೂ ಬಂದವರನ್ನು ಒಳಗೆ ಕರೆಯುವ ದಾರಿಯಿತ್ತು.

ಇನ್ನು ಹಿಂಬಾಗಿಲು. ನಮ್ಮ ಮೊಹಲ್ಲಾಗಳಲ್ಲಿ ಸಾರಿನ ಬಟ್ಟಲು, ಸಕ್ಕರೆಯ ಲೋಟ, ಬಾಣಂತಿಯ ಕಷಾಯ ಎಲ್ಲ ಓಡಾಡಿದ್ದು ಅಡುಗೆಮನೆಯ ಹಿಂಬಾಗಿಲಿನಿಂದಲೇ. ಮದುವೆಗೆಂದು ಪರವೂರಿಗೆ ಹೊರಟವರು ಬೀಗದ ಕೈಯನ್ನು ಪಕ್ಕದ ಮನೆಯಲ್ಲಿ ಅಮಾನತ್ ಇಟ್ಟು ಹೋಗುತ್ತಿದ್ದರು. (ಕಳ್ಳತನ ಆಗಲೂ ಇತ್ತು; ಹಳೆಯ ಕಾಲವನ್ನು ಹೊಗಳಲು ಈ ಮಾತಲ್ಲ.) ಈಗಿನ ನಕ್ಷೆಯಲ್ಲಿ ಹಿಂಬಾಗಿಲೆಂದರೆ ದುರ್ಬಲ ಜಾಗ, ಅಯಸ್ಕಾಂತ ಬೇಕೇ ಬೇಕು. ಹಾಕಿಸೋಣ. ಆದರೆ ನಾವು ಊರಲ್ಲಿಲ್ಲದಾಗ ಸೈರನ್ ಕೂಗಿದರೆ ಎದ್ದು ಬಂದು ನೋಡಬೇಕಾದವರು ಆ ಪಕ್ಕದ ಮನೆಯವರೇ ಅಲ್ಲವೇ? ತಂತಿ ಎಳೆಯುವ ಮೊದಲು ಅವರಲ್ಲಿಗೆ ಹೋಗಿ ಕೂತು, ಕ್ಯಾಮೆರಾ ನಿಮ್ಮ ಅಂಗಳದ ಕಡೆ ತಿರುಗಿಲ್ಲ, ಅಲಾರಂ ಕೂಗಿದರೆ ಈ ನಂಬರಿಗೊಂದು ಫೋನ್ ಮಾಡಿ ಎಂದು ಹೇಳಿ, ಚಹಾ ಕುಡಿದು ಬರಬೇಕು.