ಕಲಿಸುವ ಎಂಜಿನ್, ಕೊಲ್ಲುವ ಎಂಜಿನ್

ಚಾಕು ತರಕಾರಿಯನ್ನೂ ಹೆಚ್ಚುತ್ತದೆ, ಕತ್ತನ್ನೂ ಕೊಯ್ಯುತ್ತದೆ. ತಪ್ಪು ಚಾಕುವಿನದಲ್ಲ, ಹಿಡಿದವರದು. ಯಂತ್ರಗಳ ಬಗ್ಗೆ ನೈತಿಕ ಪ್ರಶ್ನೆ ಎದ್ದಾಗಲೆಲ್ಲ ನಾವು ಈ ಮಾತನ್ನು ಮುಂದಿಡುತ್ತೇವೆ. ಇದು ಎಲ್ಲಿಯವರೆಗೆ ನಿಲ್ಲುತ್ತದೆ ಎಂದು ನೋಡಲು ನನಗೆ ಅಡೂರ್ ಎಂಬ ಜೆಟ್ ಎಂಜಿನ್ ಒಳ್ಳೆಯ ಉದಾಹರಣೆಯಾಗಿ ಕಾಣುತ್ತದೆ.

ಫ್ರಾನ್ಸಿನ ನದಿಯೊಂದರ ಹೆಸರು ಹೊತ್ತ ಈ ಟರ್ಬೊಫ್ಯಾನನ್ನು ಬ್ರಿಟನ್ನಿನ ರೋಲ್ಸ್‌ರಾಯ್ಸ್ ಮತ್ತು ಫ್ರಾನ್ಸಿನ ಟರ್ಬೊಮೆಕಾ ಸೇರಿ 1960ರ ದಶಕದಲ್ಲಿ ಜಾಗ್ವಾರ್ ವಿಮಾನಕ್ಕಾಗಿ ರೂಪಿಸಿದವು. ಜಾಗ್ವಾರ್ ಕಟ್ಟಿದ ಸೆಪೆಕ್ಯಾಟ್ ಕಂಪನಿಯ ಉದ್ದನೆಯ ಫ್ರೆಂಚ್ ಹೆಸರಿನೊಳಗೆ 'ಎಕೋಲ್' ಎಂಬ ಪದವಿದೆ. ಎಕೋಲ್ ಎಂದರೆ ಶಾಲೆ. ಪೈಲಟ್‌ಗಳಿಗೆ ಕಲಿಸಲೂ ದಾಳಿ ಮಾಡಲೂ ಒಂದೇ ವಿಮಾನ ಎಂಬುದು ಮೊದಲ ಯೋಜನೆ. ಕೊನೆಗೆ ಜಾಗ್ವಾರ್ ಮುಖ್ಯವಾಗಿ ದಾಳಿಯ ವಿಮಾನವಾಯಿತು. ಕಲಿಸುವ ಕೆಲಸಕ್ಕೆ ಬ್ರಿಟನ್ನಿನಲ್ಲಿ ಹಾಕ್ ಬಂತು. ಅದರ ಹೊಟ್ಟೆಯಲ್ಲೂ ಅಡೂರ್, ಆಫ್ಟರ್‌ಬರ್ನರ್ ಒಂದಿಲ್ಲ ಅಷ್ಟೆ.

ಈ ಎಂಜಿನ್ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ನಮ್ಮ ವಾಯುಪಡೆ ಕಂಡಿದೆ. ನಮ್ಮ ಎಳೆಯ ಪೈಲಟ್‌ಗಳು ಕಿರಣ್‌ನಂಥ ನಿಧಾನದ ವಿಮಾನದಲ್ಲಿ ಕಲಿತು ಮಿಗ್-21ರಂಥ ಒರಟು ವೇಗಕ್ಕೆ ಜಿಗಿಯಬೇಕಿತ್ತು. ನಡುವೆ ಒಂದು ಮೆಟ್ಟಿಲು ಬೇಕೆಂದು 1982ರ ಲಾಫಾಂಟೇನ್ ಸಮಿತಿ ಹೇಳಿತು. ಹಾಕ್ ಖರೀದಿಗೆ ಸಹಿ ಬಿದ್ದದ್ದು 2004ರಲ್ಲಿ, ಬೀದರಿನ ವಾಯುನೆಲೆಗೆ ಅವು ಸೇರಿದ್ದು 2008ರಲ್ಲಿ. ಮಿಗ್ ಅಪಘಾತಗಳೆಲ್ಲಕ್ಕೂ ಈ ವಿಳಂಬವೇ ಕಾರಣವಲ್ಲ. ಆದರೂ ಬೀದರಿನ ಆಕಾಶದಲ್ಲಿ ಕೇಳುವ ಆ ಸದ್ದು ಯಾರದೋ ಮನೆಯ ಮಕ್ಕಳ ಜೀವ ಕಾಯುವ ಸದ್ದೂ ಹೌದು. ಇಲ್ಲಿ ಪ್ರಶ್ನೆ ಎಂಜಿನ್ ಯಾಕೆ ಬಂತು ಎಂಬುದಲ್ಲ, ಯಾಕಿಷ್ಟು ತಡವಾಗಿ ಬಂತು ಎಂಬುದು.

ಇನ್ನು ಇಂಗ್ಲೆಂಡಿನ ವಾರ್ಟನ್. 1996ರ ಜನವರಿಯ ಒಂದು ರಾತ್ರಿ ಮೂವರು ಮಹಿಳೆಯರು ಅಲ್ಲಿನ ವಿಮಾನ ಕಾರ್ಖಾನೆಗೆ ನುಗ್ಗಿ, ಇಂಡೋನೇಷ್ಯಾಕ್ಕೆ ಹೊರಟಿದ್ದ ಹಾಕ್ ಒಂದನ್ನು ಸುತ್ತಿಗೆಯಿಂದ ಜಜ್ಜಿದರು. ಓಡಿಹೋಗದೆ ಅಲ್ಲೇ ಕಾದರು. ಇಂಡೋನೇಷ್ಯಾ ಆಗ ಪೂರ್ವ ತಿಮೋರನ್ನು ಆಕ್ರಮಿಸಿಕೊಂಡು ಇಪ್ಪತ್ತು ವರ್ಷ ಕಳೆದಿತ್ತು. ಅಲ್ಲಿನ ಜನರ ಮೇಲೆ ವಿಮಾನ ಬಳಸುವುದಿಲ್ಲವೆಂಬ ಆಶ್ವಾಸನೆ ಸಿಕ್ಕಿದೆ ಎಂದು ಬ್ರಿಟಿಷ್ ಸರ್ಕಾರ ಹೇಳುತ್ತಿತ್ತು. ದೊಡ್ಡ ಅಪರಾಧವನ್ನು ತಡೆಯಲು ಹೀಗೆ ಮಾಡಿದೆವು ಎಂಬುದು ಮಹಿಳೆಯರ ವಾದ. ಸಂಚಿನಲ್ಲಿ ಜೊತೆಗಿದ್ದ ನಾಲ್ಕನೆಯವರೂ ಸೇರಿ ಎಲ್ಲರನ್ನೂ ಅದೇ ಜುಲೈಯಲ್ಲಿ ಲಿವರ್‌ಪೂಲಿನ ಜ್ಯೂರಿ ನಿರ್ದೋಷಿಗಳೆಂದಿತು. ಜ್ಯೂರಿ ಕಾರಣ ಹೇಳುವುದಿಲ್ಲ. ಆ ಮೌನದ ಅರ್ಥವನ್ನು ನಾವೇ ಹುಡುಕಬೇಕು.

ಎರಡೂ ಕಡೆ ಇರುವುದು ಒಂದೇ ವಂಶದ ಎಂಜಿನ್. ಹಾಗಾದರೆ ಚಾಕುವಿನ ಮಾತೇ ಗೆದ್ದಿತಲ್ಲ ಎನ್ನಬಹುದು. ನನಗೆ ಹಾಗನ್ನಿಸುವುದಿಲ್ಲ. ಆ ಮಾತಿನಲ್ಲಿ ಇಬ್ಬರೇ ಇದ್ದಾರೆ: ಚಾಕು ಮತ್ತು ಹಿಡಿದವನು. ಚಾಕುವನ್ನು ಆ ಕೈಗೆ ಕೊಟ್ಟವನು ಅಲ್ಲಿ ಕಾಣುವುದೇ ಇಲ್ಲ. ಪಕ್ಕದ ಮನೆಯಲ್ಲಿ ಜಗಳ ಹತ್ತಿ ಉರಿಯುವಾಗ ಅಲ್ಲಿಗೆ ಚಾಕು ಕೊಟ್ಟು, ತರಕಾರಿಗೆಂದು ಕೊಟ್ಟೆ ಎಂದರೆ ಯಾರು ಒಪ್ಪುತ್ತಾರೆ? ಗೊತ್ತಿದ್ದಷ್ಟೂ ಹೊಣೆ ಬೆಳೆಯುತ್ತದೆ.

'ತರಬೇತಿ' ಎಂಬ ಪದ ಈ ಹೊಣೆಯನ್ನು ಮರೆಮಾಡಬಲ್ಲದು. ದ್ರೋಣರ ಶಾಲೆಯಲ್ಲಿ ಗುರಿ ಇದ್ದದ್ದು ಮರದ ಮೇಲಿನ ಕೃತಕ ಹಕ್ಕಿ. ಕುರುಕ್ಷೇತ್ರದಲ್ಲಿ ದ್ರೋಣರ ತಲೆ ಕಡಿದ ಧೃಷ್ಟದ್ಯುಮ್ನನೂ ಅದೇ ಶಾಲೆಯ ಶಿಷ್ಯ. ಕಲಿಕೆ ಶಾಲೆಯ ಬಾಗಿಲಲ್ಲೇ ನಿಲ್ಲುವುದಿಲ್ಲ. ಹಾಗೆಂದು ಶಾಲೆಯನ್ನೇ ಮುಚ್ಚಬೇಕಿಲ್ಲ, ಬೀದರ್ ಅದಕ್ಕೆ ಸಾಕ್ಷಿ. ಯಾರಿಗೆ, ಯಾವಾಗ, ಏನು ಗೊತ್ತಿದ್ದೂ ಕೊಡುತ್ತಿದ್ದೇವೆ ಎಂದು ಪ್ರತಿಸಲವೂ ಕೇಳಿಕೊಳ್ಳಬೇಕು.

ಇದು ಪರದೇಶದ ಪ್ರಶ್ನೆಯಾಗಿ ಬಹುಕಾಲ ಉಳಿಯಲಾರದು. ಬೆಂಗಳೂರಿನ ಎಚ್‌ಎಎಲ್ ತರಬೇತಿ ವಿಮಾನಗಳಿಗೂ ಹೊಂದುವ ಎಚ್‌ಟಿಎಫ್‌ಇ-25 ಎಂಬ ಸ್ವಂತ ಟರ್ಬೊಫ್ಯಾನನ್ನು ರೂಪಿಸುತ್ತಿದೆ. ಅದರ ಕೋರ್ 2015ರಲ್ಲೇ ಮೊದಲ ಬಾರಿ ತಿರುಗಿತು. ಇಷ್ಟು ಕಾಲ ನಾವು ಇಂಥ ಎಂಜಿನ್ನುಗಳನ್ನು ಕೊಳ್ಳುವವರಾಗಿದ್ದೆವು. ಮಾರುವವರಾದ ದಿನ ಚಾಕುವಿನ ಗಾದೆ ನಮ್ಮ ನಾಲಿಗೆಯ ಮೇಲೂ ಸಲೀಸಾಗಿ ಬರಬಹುದು. ಅದಕ್ಕೂ ಮೊದಲೇ ಉತ್ತರ ಯೋಚಿಸಿಟ್ಟುಕೊಳ್ಳುವುದು ಒಳ್ಳೆಯದು.